ಪರದೆಗೆ ಎರಡರಷ್ಟು ಬಟ್ಟೆ

ನಮ್ಮ ಭಾವ ಕಣ್ಣು ಮುಚ್ಚಿಕೊಂಡರೆ ಸುತ್ತ ಇದ್ದವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಿದ್ದರು. "ಶ್! ಲೆಕ್ಕ ಹಾಕ್ತಿದ್ದಾರೆ" ಎಂದು ಒಬ್ಬರಿಗೊಬ್ಬರು ಸನ್ನೆ. ಅದನ್ನು ನೋಡಿದಾಗೆಲ್ಲ ಇಂಥ ತಲೆ ನಮ್ಮ ಮನೆಗೆ ಬಂದು ಸೇರಿತಲ್ಲ ಎಂದು ನನಗೂ ಹೆಮ್ಮೆಯಾಗುತ್ತಿತ್ತು. ಹೆಮ್ಮೆ ಅಂದೆನಾ? ಸ್ವಲ್ಪ ಹೊಟ್ಟೆಯುರಿಯೂ ಇತ್ತು ಅನ್ನಿ.

ನಿಜ ಸಂಗತಿ ಏನೆಂದರೆ, ಭಾವನಿಗೆ ಅಂಕಿ ಅಂದರೆ ಹಾವು ಕಂಡಷ್ಟು ಭಯ. ಯಾರಾದರೂ "ಎಷ್ಟಾಗುತ್ತೆ?" ಎಂದರೆ ಸಾಕು, ಕಿವಿ ಗುಂಯ್ ಎನ್ನುತ್ತಿತ್ತು, ಕಣ್ಣೆದುರು ಇದ್ದದ್ದು ಕಾಣಿಸುತ್ತಿರಲಿಲ್ಲ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಜನ ಧ್ಯಾನ ಅಂದುಕೊಂಡರು. ಇದು ನಮಗೆ ಗೊತ್ತಾಗುವ ಹೊತ್ತಿಗೆ ಅಂಗಡಿ ಕೈಬಿಟ್ಟು ಹೋಗುವುದರಲ್ಲಿತ್ತು.

ನಮ್ಮದು ಪರದೆ ಹೊಲಿಯುವ ಅಂಗಡಿ. ಮುಂದೆ ಅಪ್ಪನ ಕುರ್ಚಿ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಹಿಂದಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಮತ್ತು ನಾನು. ಊರಿನ ಕಿಟಕಿಗಳಿಗೆಲ್ಲ ಪರದೆ ಹೊಲಿಯುವವಳ ಮೂಲೆಗೆ ಒಂದು ಕಿಟಕಿ ಇಲ್ಲ. ಇರಲಿ, ಅದನ್ನು ಹೇಳಲು ಹೊರಟರೆ ಕಥೆ ಬೇರೆ ದಾರಿ ಹಿಡಿಯುತ್ತದೆ.

ಭಾವ ಆಗ ದಾರದ ಕಂಪನಿಯ ಪರವಾಗಿ ಅಂಗಡಿ ಅಂಗಡಿ ಸುತ್ತುತ್ತಿದ್ದವರು. ನಿಮ್ಮ ದೊಡ್ಡ ಮಗಳನ್ನು ಮದುವೆಯಾಗುತ್ತೇನೆ ಎಂದು ಕೇಳಲು ಬಂದಾಗ ಅಪ್ಪ ಅವರನ್ನು ಕೂರಿಸಿ, ಚಹಾ ಕೊಟ್ಟು, ಇಷ್ಟು ಕಿಟಕಿ, ಇಷ್ಟು ಅಗಲ, ಇಷ್ಟು ಎತ್ತರ, ಒಟ್ಟು ಬಟ್ಟೆ ಎಷ್ಟು ಎಂದು ಕೇಳಿಬಿಟ್ಟರು. ಹೆಣ್ಣು ಕೇಳಲು ಬಂದವರಿಗೆ ಬಟ್ಟೆಯ ಲೆಕ್ಕ! ಭಾವ ಕಣ್ಣು ಮುಚ್ಚಿದರು. ತುಟಿ ಅಲುಗತೊಡಗಿತು. ಅವರು ಹೇಳಿಕೊಳ್ಳುತ್ತಿದ್ದದ್ದು "ದೇವರೇ, ಈ ನೆಲ ಬಾಯಿ ಬಿಡಬಾರದೇ" ಎಂದು. ಪಕ್ಕದಲ್ಲಿ ಕೂತಿದ್ದ ಗಿರಾಕಿಯೊಬ್ಬರು ತಡೆಯಲಾಗದೆ ತಾವೇ ಉತ್ತರ ಹೇಳಿಬಿಟ್ಟರು. ಭಾವ ಕಣ್ಣು ಬಿಟ್ಟು, "ಅದೇ. ಅಷ್ಟೇ" ಎಂದರು.

"ನೋಡಿದ್ರಾ!" ಎಂದು ಅಪ್ಪ ಮೇಜು ಗುದ್ದಿದರು. "ಕಾಗದ ಬೇಡ, ಪೆನ್ಸಿಲ್ ಬೇಡ. ಇಂಥ ಅಳಿಯ ದೀಪ ಹಚ್ಚಿ ಹುಡುಕಿದ್ರೂ ಸಿಗಲ್ಲ!"

ಅಲ್ಲಿಂದ ಮುಂದೆ ಭಾವನ ಬದುಕು ನಡೆದದ್ದು ಜಗತ್ತಿನ ಅವಸರಬುರುಕರ ಕೃಪೆಯಿಂದ. ಯಾರಿಗೂ ಕಾಯುವ ತಾಳ್ಮೆ ಇರುವುದಿಲ್ಲ ನೋಡಿ. ಒಬ್ಬರು ಕೇಳುವುದು, ಭಾವ ಕಣ್ಣು ಮುಚ್ಚುವುದು, ಇನ್ನೊಬ್ಬರು ಉತ್ತರ ಹೇಳುವುದು, ಭಾವ "ಅದೇ. ಅಷ್ಟೇ" ಎನ್ನುವುದು. ಕೆಳಗಿನ ಮನೆಯಾಕೆ ತನ್ನ ಮಗಳಿಗೆ, "ಗಣಿತದ ಪರೀಕ್ಷೇಲಿ ಆ ಅಂಕಲ್ ಥರ ಕಣ್ಣು ಮುಚ್ಚಿ ಯೋಚ್ನೆ ಮಾಡು" ಎಂದು ಹೇಳಿಕೊಟ್ಟರು. ಪಾಪ, ಮಗು ಪರೀಕ್ಷೆಯಲ್ಲಿ ನಿದ್ದೆ ಹೋಯಿತು. ಆಗಲೂ ಆಕೆ ಮಗುವನ್ನೇ ಬೈದರೇ ಹೊರತು ಭಾವನ ಮೇಲಿನ ನಂಬಿಕೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಅಂಗಡಿ ಬೇಸರವಾಗುತ್ತ ಬಂತು. ಎದುರಂಗಡಿಯ ಸೋಫಾದವರು ಅದನ್ನು ಹೇಗೆ ಮೂಸಿದರೋ, ವಾರಕ್ಕೊಮ್ಮೆ ಬಂದು ಕುಶಲ ವಿಚಾರಿಸತೊಡಗಿದರು. ಅಪ್ಪನ ಕುಶಲ ವಿಚಾರಿಸುತ್ತ ಕಣ್ಣಿನಲ್ಲೇ ಗೋಡೆಯಿಂದ ಗೋಡೆಗೆ ಅಳೆಯುವುದು. ಒಂದು ಸಲ ನನ್ನ ಮೂಲೆಯವರೆಗೂ ಬಂದು, "ಇಲ್ಲಿ ನನ್ನ ಸ್ಪಂಜು ಎಲ್ಲಾ ಜೋಡಿಸಿದ್ರೆ ಎಷ್ಟು ಚೆನ್ನಾಗಿ ಹಿಡಿಯುತ್ತೆ" ಎಂದರು. ನಾನು ಯಂತ್ರದ ಮುಂದೆ ಕೂತೇ ಇದ್ದೆ! ನನ್ನನ್ನು ಸ್ಪಂಜು ಅಂದುಕೊಂಡರೋ ಏನೋ.

ಆಗಲೇ ಬಂತು ಹೊಸ ಸಭಾಂಗಣದ ಕೆಲಸ. ವೇದಿಕೆಗೆ ಕೆಂಪು ಮಖಮಲ್ಲಿನ ಪರದೆ, ಎರಡು ಪಾಲು, ನಡುವೆ ತೆರೆದುಕೊಳ್ಳುವಂಥದ್ದು. ಊಟಕ್ಕೆ ಕೂತಾಗ ಅಪ್ಪ ಘೋಷಿಸಿದರು: "ಈ ಪರದೆ ಸರಿಯಾಗಿ ಎದ್ದು ನಿಂತರೆ ಅಂಗಡಿ ಅಳಿಯಂದ್ರಿಗೆ. ಮರ್ಯಾದೆ ಹೋದರೆ ಸೋಫಾದವರಿಗೆ ಮಾರಿ ಮನೇಲಿ ಕೂತ್ಕೋತೀನಿ. ಎರಡರಲ್ಲೊಂದು."

ಅಕ್ಕ ಗಂಡನ ಮುಖ ನೋಡಿ ನಕ್ಕಳು. ಭಾವ ಅನ್ನ ನುಂಗಲಾರದೆ ಕೆಮ್ಮಿದರು. ನಾನು ನನ್ನ ಮೂಲೆಯನ್ನು ನೆನೆದುಕೊಂಡೆ. ಕಿಟಕಿ ಇಲ್ಲದಿದ್ದರೇನು, ನನ್ನದು ಅಂತ ಇದ್ದದ್ದು ಅದೊಂದೇ.

ಪರದೆಯ ಕಸುಬಿನಲ್ಲಿ ಮುಖ್ಯವಾದ ಮಾತು ಒಂದೇ. ನೆರಿಗೆ ಬೀಳಬೇಕಾದರೆ ಅಗಲಕ್ಕೆ ಎರಡರಷ್ಟು ಬಟ್ಟೆ ಇಡಬೇಕು. ಎತ್ತರಕ್ಕೆ ಇದ್ದಷ್ಟೇ ಸಾಕು. ಅಳತೆಗೆ ಹೊರಟ ಭಾವನಿಗೆ ಅಪ್ಪ ಬಾಗಿಲಲ್ಲೇ, "ಎರಡರಷ್ಟು ಮರೀಬೇಡಿ" ಎಂದು ಹೇಳಿ ಕಳಿಸಿದರು. ಭಾವ ಮರೆಯಲಿಲ್ಲ. ದಾರಿಯುದ್ದಕ್ಕೂ "ಎರಡರಷ್ಟು, ಎರಡರಷ್ಟು" ಎಂದು ಜಪಿಸಿಕೊಂಡೇ ಹೋದರು.

ಸಭಾಂಗಣದಲ್ಲಿ ಅವರ ಒಂದು ಪಕ್ಕಕ್ಕೆ ಮ್ಯಾನೇಜರ್, ಇನ್ನೊಂದು ಪಕ್ಕಕ್ಕೆ ಇಂಜಿನಿಯರ್ ನಿಂತರು. ಟೇಪು ಹಿಡಿದದ್ದೇ ತಡ, "ಎಷ್ಟು ಬಂತು? ಎಷ್ಟು ಬಂತು?" ಅಳೆಯುವಾಗ ಕಣ್ಣು ಟೇಪಿನ ಮೇಲಿರಬೇಕು, ಭಾವನ ಮನಸ್ಸೆಲ್ಲ ಮುಂದೆ ಬರಲಿರುವ ಗುಣಾಕಾರದ ಮೇಲೆ. ಹಾಗೂ ಹೀಗೂ ಅಳತೆ ಮುಗಿಸಿ ಕಣ್ಣು ಮುಚ್ಚಿ ನಿಂತರು. ಇಂಜಿನಿಯರ್ ಎಲ್ಲರಂತೆ ತಾಳ್ಮೆಗೆಟ್ಟು ಫೋನಿನಲ್ಲಿ ಒತ್ತಿ, "ನೆರಿಗೆಗೆ ಎರಡರಷ್ಟು ಅಂದ್ರೆ ಒಟ್ಟು ಇಷ್ಟು ಬಟ್ಟೆ, ಅಲ್ವಾ?" ಎಂದರು.

"ಅದೇ. ಅಷ್ಟೇ."

ಒಟ್ಟು ಸರಿಯಾಗಿಯೇ ಇತ್ತು. ಬಟ್ಟೆ ಬಂತು. ಅದೂ ಸರಿಯಾಗಿಯೇ ಇತ್ತು. ಕತ್ತರಿ ಹಿಡಿದು ನಿಂತಾಗ ಭಾವನಿಗೆ 'ಎರಡರಷ್ಟು' ಎಂಬುದು ಸ್ಪಷ್ಟವಾಗಿ ನೆನಪಿತ್ತು. ಯಾವುದರ ಎರಡರಷ್ಟು ಎಂಬುದು ಮಾತ್ರ ಆ "ಎಷ್ಟು ಬಂತು"ಗಳ ನಡುವೆ ಎಲ್ಲೋ ಬಿದ್ದುಹೋಗಿತ್ತು. ಯಾರನ್ನಾದರೂ ಕೇಳಬಹುದಿತ್ತಲ್ಲ? ಕಣ್ಣು ಮುಚ್ಚಿ ಲೆಕ್ಕ ಹಾಕುವ ಮಹಾನುಭಾವರು ಹೋಗಿ ಅಂಥ ಪ್ರಶ್ನೆ ಕೇಳುವುದೇ? ಹೀಗೆ ನಮ್ಮ ಭಾವ, ಅಗಲಕ್ಕೆ ಇದ್ದಷ್ಟೂ ಎತ್ತರಕ್ಕೆ ಎರಡರಷ್ಟೂ ಇಟ್ಟು, ಕೆಂಪು ಮಖಮಲ್ಲನ್ನು ನೇರವಾಗಿ, ಅಂದವಾಗಿ, ಒಂದು ನೂಲೂ ಆಚೀಚೆಯಾಗದಂತೆ ತಪ್ಪಾಗಿ ಕತ್ತರಿಸಿದರು.

ಹೊಲಿಯುವಾಗ ನಾನು ಕೇಳಿದೆ. "ಭಾವ, ಈ ಹೊಲಿಗೆ ಮುಗಿಯೋ ಹಾಗೇ ಕಾಣಲ್ವಲ್ಲ? ಅಷ್ಟೊಂದು ಎತ್ತರಾನಾ ಅದು?"

"ವೇದಿಕೆ ಪರದೆ ಅಂದ್ರೆ ಮನೆ ಕಿಟಕಿ ಪರದೆ ಅಲ್ಲಮ್ಮ. ನೀನು ಹೊಲಿ. ಅಳತೆ ನನಗೆ ಬಿಡು."

ನಾನು ಸಭಾಂಗಣ ಕಂಡವಳಲ್ಲ. ಬಾಯಿ ಮುಚ್ಚಿಕೊಂಡು ತುಳಿದೆ. ಮಖಮಲ್ಲು ರಾಶಿಯಾಗಿ ಬಿದ್ದು ನನ್ನ ಮೂಲೆ ತುಂಬಿ, ಆಳು ಕಾಣದಷ್ಟಾಯಿತು. ಅಪ್ಪ ಬಂದು ಆ ರಾಶಿಯನ್ನು ಸವರಿ, "ಒಟ್ಟು ಬಟ್ಟೆ ಸರಿ ಹೋಯ್ತಲ್ಲ? ಮತ್ತೇನು!" ಎಂದು ಹೋದರು.

ಉದ್ಘಾಟನೆಯ ದಿನ ಮಧ್ಯಾಹ್ನ ಮನೆಮಂದಿಯೆಲ್ಲ ಹೋಗಿ ಪರದೆ ತೂಗುಹಾಕಿದೆವು. ಸಂಜೆಗೆ ಪುರಸಭೆಯ ಅಧ್ಯಕ್ಷೆ ಬಂದು ಹಗ್ಗ ಎಳೆದು ಪರದೆ ತೆರೆಯಬೇಕು. ಕೆಲಸದವರು ಏಣಿ ಹತ್ತಿ ಕೊಕ್ಕೆಗಳಿಗೆ ಸಿಕ್ಕಿಸಿ ಕೈಬಿಟ್ಟರು.

ಪರದೆ ಇಳಿಯಿತು. ನೆಲ ಮುಟ್ಟಿತು. ಆಮೇಲೂ ಇಳಿಯುತ್ತಲೇ ಇತ್ತು. ಧೊಪ್ಪೆಂದು ಬಿದ್ದು, ಮಡಿಕೆ ಮೇಲೆ ಮಡಿಕೆಯಾಗಿ, ವೇದಿಕೆಯ ಅಂಚು ದಾಟಿ, ಮುಂದಿನ ಸಾಲಿನ ಕುರ್ಚಿಗಳ ಕಾಲಿಗೆ ಬಂತು. ಮೇಲುಗಡೆ ನೋಡಿದರೆ ನೆರಿಗೆಯ ಸುಳಿವೇ ಇಲ್ಲ. ಹಗ್ಗದ ಮೇಲೆ ಒಣಹಾಕಿದ ಹೊದಿಕೆಯ ಹಾಗೆ ಚಪ್ಪಟೆ.

"ಏನ್ರೀ ಇದು!" ಎಂದು ಮ್ಯಾನೇಜರ್ ಓಡಿ ಬಂದರು. "ಯಾರೋ ಹಾಸಿಗೆ ಸುತ್ತಿಟ್ಟು ಹೋದ ಹಾಗಿದೆ! ಸಂಜೆ ಮೇಡಂ ಹಗ್ಗ ಎಳೀತಾರೆ. ಈ ರಾಶಿ ಅವರ ಕಾಲಿಗೆ ಸುತ್ಕೊಂಡು ಅವರೇನಾದ್ರೂ ಬಿದ್ರೆ, ನನ್ನ ಕೆಲಸ ಹೋಯ್ತು ಅಂತಲೇ ಲೆಕ್ಕ!"

ಲೆಕ್ಕ ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವ ಕಣ್ಣು ಮುಚ್ಚಿದರು.

ಸಭಾಂಗಣ ಗಪ್‌ಚಿಪ್. ಏಣಿಯ ಮೇಲಿದ್ದವನು ಏಣಿಯ ಮೇಲೇ ನಿಂತ. ಮ್ಯಾನೇಜರ್ ಪಿಸುದನಿಯಲ್ಲಿ, "ದಾರಿ ಹುಡುಕ್ತಿದ್ದಾರೆ, ಫ್ಯಾನ್ ಆಫ್ ಮಾಡಿ, ಸದ್ದು ಬೇಡ" ಎಂದರು. ಫ್ಯಾನು ನಿಂತಿತು. ಸೆಕೆ ಏರಿತು. ಎಲ್ಲರ ಹಣೆಯಲ್ಲೂ ಬೆವರು, ಒರೆಸಿಕೊಳ್ಳಲೂ ಯಾರಿಗೂ ಧೈರ್ಯವಿಲ್ಲ. ಗೋಡೆಯ ಗಡಿಯಾರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅದನ್ನೂ ನಿಲ್ಲಿಸಬೇಕೇನೋ ಎಂಬಂತೆ ಮ್ಯಾನೇಜರ್ ಅದರ ಕಡೆ ನೋಡಿದರು.

ಭಾವ ಕಣ್ಣು ಬಿಟ್ಟರು. ಎಲ್ಲರೂ ಮುಂದಕ್ಕೆ ಬಾಗಿದರು. ಭಾವ ಟೇಪು ಹಿಡಿದು ಏಣಿ ಹತ್ತಿ ಎತ್ತರ ಅಳೆದರು. ಇಳಿದರು. ಮತ್ತೆ ಹತ್ತಿದರು, ಮತ್ತೆ ಅದನ್ನೇ ಅಳೆದರು. ಇನ್ನೊಂದು ಸಲ ಹತ್ತಲು ಹೊರಟಾಗ ಇಂಜಿನಿಯರ್, "ಗೋಡೆ ಬೆಳೆಯಲ್ಲ ಸ್ವಾಮಿ" ಎಂದರು.

"ಇಲ್ಲ... ಒಂದು ಸಲ... ಸರಿಯಾಗಿ ನೋಡ್ಬಿಡ್ತೀನಿ" ಎಂದು ಭಾವ ಮತ್ತೆ ಹತ್ತಿದರು. ಅವರಿಗೆ ಆ ಹೊತ್ತಿನಲ್ಲಿ ಹೊಳೆದಿದ್ದ ಕೆಲಸ ಅದೊಂದೇ. ಗಾಣದೆತ್ತು ಬೇರೆ ದಾರಿ ನೋಡುತ್ತದೆಯೇ?

ಅಷ್ಟರಲ್ಲಿ ಇಂಜಿನಿಯರ್ ತಮ್ಮ ತೀರ್ಪು ಕೊಟ್ಟರು. "ಎರಡು ಸಮಸ್ಯೆ. ಒಂದು, ಕೆಳಗೆ ಜಾಸ್ತಿ. ಅದನ್ನ ಕತ್ತರಿಸಿ ಬಿಸಾಕ್ಬೇಕು. ಎರಡು, ಅಗಲಕ್ಕೆ ಕಮ್ಮಿ. ಅದಕ್ಕೆ ಹೊಸ ಬಟ್ಟೆ ತರ್ಬೇಕು."

ಅಪ್ಪ ಬಟ್ಟೆ ಸಗಟು ಮಾರುವವರಿಗೆ ಫೋನ್ ಮಾಡಿದರು. ಆ ಕೆಂಪು ಮುಗಿದುಹೋಗಿದೆ, ಮುಂದಿನ ತಿಂಗಳು ನೋಡೋಣ ಎಂದರಂತೆ. ಅಪ್ಪ ಫೋನು ಜೇಬಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಸಿದು ಕೂತರು. ಆ ಕುರ್ಚಿಗಳನ್ನು ಒದಗಿಸಿದವರು ಯಾರು ಅಂದುಕೊಂಡಿರಿ? ನಮ್ಮ ಎದುರಂಗಡಿ ಸೋಫಾದವರೇ. ಕುರ್ಚಿಗಳನ್ನು ಒರೆಸಿಸಲು ಬಂದಿದ್ದವರು ಅಪ್ಪನ ಪಕ್ಕದಲ್ಲೇ ಕೂತು, ಭುಜ ಸವರಿ, "ಯಾಕೆ ಚಿಂತೆ ಮಾಡ್ತೀರಿ? ನಾನಿದ್ದೀನಲ್ಲ" ಎಂದರು.

"ಆಯ್ತು" ಎಂದರು ಅಪ್ಪ. "ನಾಳೆ ಬನ್ನಿ. ಮಾತಾಡೋಣ."

ನನ್ನ ಮೂಲೆ, ನನ್ನ ಯಂತ್ರ, ಅಲ್ಲಿ ಮಾಡಿನವರೆಗೂ ಸ್ಪಂಜು! ಸಿಟ್ಟು ನೆತ್ತಿಗೇರಿತು. ಭಾವನಿಗೆ ಚೆನ್ನಾಗಿ ಉಗಿಯಲೇಬೇಕೆಂದು ಪರದೆಯ ಹಿಂದೆ ನುಗ್ಗಿದೆ. ಅಲ್ಲಿ ಭಾವ ಏಣಿಯ ಕೆಳಮೆಟ್ಟಿಲ ಮೇಲೆ ಕೂತಿದ್ದರು. ಟೇಪನ್ನು ಸುಮ್ಮನೆ ಎಳೆಯುವುದು, ಬಿಡುವುದು ಮಾಡುತ್ತಿದ್ದರು. ಅಕ್ಕ ಪಕ್ಕದಲ್ಲಿ ನಿಂತು, "ರೀ, ಲೆಕ್ಕ ಹಾಕಿ ಏನಾದ್ರೂ ಹೇಳ್ರೀ, ಎಲ್ಲಾ ನಿಮ್ಮ ಮುಖಾನೇ ನೋಡ್ತಿದ್ದಾರೆ" ಎಂದು ಬೇಡಿಕೊಳ್ಳುತ್ತಿದ್ದಳು. ಅವಳು ಒಂದೊಂದು ಸಲ 'ಲೆಕ್ಕ' ಎಂದಾಗಲೂ ಭಾವನ ರೆಪ್ಪೆ ಅದುರುತ್ತಿತ್ತು.

ಅದನ್ನು ನೋಡಿದೆ ನೋಡಿ, ನನಗೆ ಎಲ್ಲವೂ ಅರ್ಥವಾಯಿತು.

"ಭಾವ," ಎಂದೆ ಮೆಲ್ಲಗೆ. "ನಿಮಗೆ ಲೆಕ್ಕ ಬರಲ್ವಾ?"

ಭಾವ ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. "ಇಲ್ಲಮ್ಮ" ಎಂದರು. "ಯಾವತ್ತೂ ಬಂದಿಲ್ಲ. ಯಾರಾದ್ರೂ ಕೇಳಿದ್ರೆ ಒಳಗಡೆ ಎಲ್ಲಾ ಖಾಲಿ ಆಗ್ಬಿಡುತ್ತೆ. ನನ್ನ ಹೆಸರು ಕೇಳಿದ್ರೂ ಹೇಳಕ್ಕಾಗಲ್ಲ ಆವಾಗ."

ಅಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ಬೈಯಲೆಂದು ಬಂದವಳಿಗೆ ನನಗೆ ಅಳು ಬಂತು. ಇಷ್ಟು ವರ್ಷ ಈ ಮನುಷ್ಯ ಒಬ್ಬರೇ ಇದನ್ನು ಹೊತ್ತುಕೊಂಡು ತಿರುಗಿದರಲ್ಲ, ಒಂದು ದಿನ ನಮ್ಮ ಹತ್ತಿರ ಹೇಳಬಾರದಿತ್ತೇ! ಆದರೆ ಅಳುತ್ತ ಕೂರುವ ಹೊತ್ತು ಅದಲ್ಲ.

"ಸರಿ. ಯಾರೂ ಏನೂ ಕೇಳಲ್ಲ. ಏಳಿ ಭಾವ. ಎಲ್ಲರೂ ತುಳಿದು ಬಟ್ಟೆ ಹಾಳಾಗ್ತಿದೆ. ಆ ಅಂಚು ಹಿಡ್ಕೊಳಿ, ಮಡಿಸೋಣ."

ಮಡಿಸುವುದು ಅಂದದ್ದೇ ಭಾವನ ಮುಖಕ್ಕೆ ಜೀವ ಬಂತು. ಬಟ್ಟೆ ಮಡಿಸುವುದರಲ್ಲಿ, ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೆಳಗಿನ ಅಂಚನ್ನು ಇಬ್ಬರೂ ಎತ್ತಿಕೊಂಡು ಏಣಿ ಹತ್ತಿದೆವು. ಅಂಚು ಕೊಕ್ಕೆಯ ಸಾಲಿಗೆ ಸರಿಯಾಗಿ ಬಂದು ಕೂತಿತು. ಭಾವ ಅಲ್ಲೇ ನಿಂತರು. ಈ ಸಲ ಅವರ ಕಣ್ಣು ಅಗಲವಾಗಿ ತೆರೆದಿತ್ತು.

"ಇದನ್ನ ಯಾಕೆ ಬಿಸಾಕ್ಬೇಕು?" ಎಂದರು. "ಕೆಳಗೆ ಮಡಿಕೆ ಬಿದ್ದಿರೋ ಕಡೆ ಕತ್ತರಿಸಿ, ಪಕ್ಕಕ್ಕೆ ತಂದು ಜೋಡಿಸಿದ್ರೆ ಆಯ್ತಲ್ಲ? ಕೆಳಗೆ ಜಾಸ್ತಿ ಇರೋದೂ ಇಷ್ಟೇ, ಪಕ್ಕಕ್ಕೆ ಬೇಕಾಗಿರೋದೂ ಇಷ್ಟೇ."

ನಾನು ಮನಸ್ಸಿನಲ್ಲೇ ಅಗಲ, ಎತ್ತರ, ಎರಡು ಪಾಲು ಎಲ್ಲವನ್ನೂ ಹಾಕಿ ನೋಡಿದೆ. ಹೊಲಿಗೆಗೆ ಹೋಗುವ ಬೆರಳಷ್ಟು ಬಟ್ಟೆ ಬಿಟ್ಟರೆ ಎಲ್ಲ ತಾಳೆಯಾಯಿತು. ಅಯ್ಯೋ ನಮ್ಮ ಬುದ್ಧಿಯೇ! ಬೇಕಾದ ಬಟ್ಟೆಯನ್ನು ಕಾಲಡಿ ಹಾಕಿಕೊಂಡು, ಬಟ್ಟೆ ಇಲ್ಲ ಎಂದು ಊರೆಲ್ಲ ಫೋನ್ ಮಾಡುತ್ತಿದ್ದೆವಲ್ಲ!

ಭಾವ ಪರದೆ ಇಳಿಸಿ ನೆಲಕ್ಕೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ದೊಡ್ಡ ಕತ್ತರಿ ಕೈಗೆ ತೆಗೆದುಕೊಂಡರು. ಎಲ್ಲ ಸುತ್ತ ಬಂದು ನಿಂತರು. ಕತ್ತರಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಇಂಜಿನಿಯರ್, "ಒಂದ್ನಿಮಿಷ. ಮೊದಲು ಲೆಕ್ಕ ಹಾಕಿ. ಹೊಲಿಗೆಗೆ ಹೋಗೋದು ಎಷ್ಟು, ಉಳಿಯೋದು ಎಷ್ಟು..." ಎಂದು ಶುರುಮಾಡಿದರು.

ಭಾವನ ರೆಪ್ಪೆ ಅದುರಿತು. ಕತ್ತರಿ ಗೆರೆ ಬಿಟ್ಟು ವಾಲಿತು. ಇನ್ನೊಂದು ಉಸಿರಿನಷ್ಟು ತಡವಾಗಿದ್ದರೆ ಮಖಮಲ್ಲು ಅಡ್ಡಾದಿಡ್ಡಿ ಸೀಳಿಹೋಗಿ, ಆಮೇಲೆ ಯಾರು ಬಂದರೂ ಉಳಿಸುವಂತಿರಲಿಲ್ಲ. ನಾನು ಕಿರುಚಿದೆ.

"ಯಾರೂ ಒಂದು ಅಂಕಿ ಎತ್ತಕೂಡದು! ಎತ್ತಿದ್ರೆ ಆ ನಾಲಿಗೆಗೂ ಇದೇ ಕತ್ತರಿ!"

ಇಂಜಿನಿಯರ್ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಮ್ಯಾನೇಜರ್ ಅವರ ಕಿವಿಯಲ್ಲಿ, "ಅವರು ಮನಸ್ಸಲ್ಲಿ ಹಾಕ್ತಿರೋ ಲೆಕ್ಕ ತಪ್ಪಿಹೋಗುತ್ತೆ ಅಂತ, ಅಷ್ಟೇ" ಎಂದು ಸಮಾಧಾನ ಹೇಳಿದರು. ಹೇಳಿಕೊಳ್ಳಲಿ. ಭಾವ ಉಸಿರೆಳೆದುಕೊಂಡು ಕತ್ತರಿ ನೇರ ಮಾಡಿದರು. ಕರ್ ಕರ್ ಎಂದು ಒಂದೇ ಸಮನೆ ಗೆರೆಯ ಮೇಲೆ ಹೋಯಿತು. ನಾವು ಉಸಿರಾಡಿದ್ದು ಅದು ಆಚೆ ಅಂಚು ಮುಟ್ಟಿದ ಮೇಲೆಯೇ. ತುಂಡನ್ನು ಎತ್ತಿಕೊಟ್ಟು ಭಾವ, "ತಲೆಕೆಳಗು ಮಾಡ್ಬೇಡ. ಮಖಮಲ್ಲಿನ ಕೂದಲು ಕೆಳಮುಖ ಇರ್ಬೇಕು, ಇಲ್ದಿದ್ರೆ ಅರ್ಧ ಪರದೆ ಬೇರೆ ಬಣ್ಣ ಕಾಣುತ್ತೆ" ಎಂದರು.

ಯಂತ್ರ ತರಿಸಿ ವೇದಿಕೆಯ ಮೇಲೇ ಇಟ್ಟುಕೊಂಡು ಕೂತೆ. ಹಳೆಯ ನೀಲಿ ಪರದೆಯೊಂದನ್ನು ತಾತ್ಕಾಲಿಕವಾಗಿ ಅಡ್ಡ ಕಟ್ಟಿದರು. ಅದರಾಚೆ ಜನ ಬಂದು ಕೂರತೊಡಗಿದರು. ಕುರ್ಚಿ ಎಳೆಯುವ ಸದ್ದು, ಕೆಮ್ಮು, ಮಕ್ಕಳ ಗಲಾಟೆ. ಈಚೆ ನನ್ನ ಯಂತ್ರದ ಕಟಕಟ. "ಏನ್ರೀ ಅದು ಶಬ್ದ?" ಎಂದು ಯಾರೋ ಕೇಳಿದ್ದಕ್ಕೆ ಮ್ಯಾನೇಜರ್, "ಹಿನ್ನೆಲೆ ಸಂಗೀತದವರು ತಯಾರಿ ಮಾಡ್ಕೋತಿದ್ದಾರೆ" ಎಂದುಬಿಟ್ಟರು. ಒಂದು ಪಾಲು ಮುಗಿದು ಇನ್ನೊಂದು ಅರ್ಧಕ್ಕೆ ಬಂದಾಗ ಸೂಜಿ ಮುರಿಯಿತು. ಹೊರಗೆ ಕಾರು ನಿಂತ ಸದ್ದು. "ಬಂದ್ರು! ಮೇಡಂ ಬಂದ್ರು!" ಸೂಜಿ ಬದಲಾಯಿಸುವಾಗ ನನ್ನ ಬೆರಳಿಗೆ ಚುಚ್ಚಿ ರಕ್ತ ಬಂತು. ಪುಣ್ಯಕ್ಕೆ ಮಖಮಲ್ಲೂ ಕೆಂಪೇ. ಕೆಳಗಿನ ಅಂಚು ಹೊಲಿಯಲು ಹೊತ್ತೇ ಉಳಿಯಲಿಲ್ಲ. ಅಕ್ಕ ಮಂಡಿಯೂರಿ ಕೂತು ಪಿನ್ನು ಚುಚ್ಚಿಕೊಂಡು ಹೋದಳು. ಭಾವ ಏಣಿಯ ಮೇಲೆ ಕೊಕ್ಕೆ ಸಿಕ್ಕಿಸುತ್ತಿದ್ದರು. ಕೊನೆಯ ಕೊಕ್ಕೆ ಬಿದ್ದು ನೀಲಿ ಪರದೆ ಎಳೆದುಹಾಕುವುದಕ್ಕೂ ಅಧ್ಯಕ್ಷೆ ವೇದಿಕೆಯ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

ಅವರು ಹಗ್ಗ ಎಳೆದರು. ನಾನು ಅಕ್ಕನ ಕೈ ಹಿಡಿದುಕೊಂಡೆ.

ಪರದೆ ನಡುವೆ ಬಿರಿದು, ತುಂಬು ನೆರಿಗೆಗಳನ್ನು ಒಂದರ ಮೇಲೊಂದು ಸೇರಿಸಿಕೊಂಡು, ಎರಡು ಕಡೆಗೂ ಮೆಲ್ಲಗೆ ಸರಿದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಎದ್ದು ನಿಂತು ತಟ್ಟಿದರು. ಸೋಫಾದವರು ಕೂತಲ್ಲೇ ಎರಡು ಬೆರಳಲ್ಲಿ ತಟ್ಟಿದರು.

ಇಲ್ಲಿಗೆ ಮುಗಿಯಬಾರದಿತ್ತೇ? ಮ್ಯಾನೇಜರ್ ಮೈಕು ಹಿಡಿದರು. ಸಂತೋಷ ತಡೆಯಲಾಗದ ಮನುಷ್ಯನ ಕೈ ಸೇರಿದ ಮೈಕಿನಷ್ಟು ಅಪಾಯ ಬೇರೊಂದಿಲ್ಲ. "ಈ ಪರದೆಯ ಹಿಂದೆ ಒಂದು ಅದ್ಭುತ ತಲೆ ಇದೆ!" ಎಂದು ಶುರುಮಾಡಿ, ಭಾವನನ್ನು ಕೈಹಿಡಿದು ವೇದಿಕೆಗೆ ಎಳೆದುಕೊಂಡು ಹೋದರು. "ಕಾಗದ ಇಲ್ಲ, ಪೆನ್ಸಿಲ್ ಇಲ್ಲ! ಬೇಕಾದ್ರೆ ಈಗಲೇ ನೋಡಿ. ಈ ಸಭಾಂಗಣದ ಅಷ್ಟೂ ಕಿಟಕಿಗಳ ಪರದೆ ಕೆಲಸ ಇವರಿಗೇ ಕೊಡ್ತಿದ್ದೀವಿ. ಸ್ವಾಮಿ, ಕಿಟಕಿ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು. ಒಟ್ಟು ಬಟ್ಟೆ ಎಷ್ಟು ಬೇಕು, ಜನರಿಗೆ ಹೇಳಿ!"

ಭಾವ ಕಣ್ಣು ಮುಚ್ಚಿದರು.

ತುಂಬಿದ ಸಭೆ. ಪಿನ್ನು ಬಿದ್ದರೆ ಕೇಳಿಸುತ್ತಿತ್ತು. ನಿಜವಾಗಿಯೂ ಪರದೆಯಂಚಿನಿಂದ ಒಂದು ಬಿತ್ತು, ಕೇಳಿಸಿತು. ಯಾರಾದರೊಬ್ಬ ಅವಸರಬುರುಕ ಉತ್ತರ ಹೇಳಬಾರದೇ ಎಂದು ನಾನು ಸುತ್ತ ನೋಡಿದೆ. ಇಂಜಿನಿಯರ್ ಕೈಕಟ್ಟಿ ಭಕ್ತಿಯಿಂದ ನಿಂತಿದ್ದರು. ಆ ದಿನ ಯಾರಿಗೂ ಅವಸರವಿರಲಿಲ್ಲ. ಪವಾಡ ನೋಡಲು ಬಂದವರಿಗೆ ಅವಸರ ಎಲ್ಲಿಂದ ಬಂದೀತು? ನನಗೆ ಉತ್ತರ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ವೇದಿಕೆಯ ಪಕ್ಕದಿಂದ ಕೂಗಿ ಹೇಳುವುದು ಹೇಗೆ? ಭಾವನ ಅಂಗಿ ಬೆನ್ನಿಗೆ ಅಂಟಿಕೊಂಡದ್ದು ನನಗೆ ಕಾಣಿಸುತ್ತಿತ್ತು. ತುಟಿ ಅಲುಗುತ್ತಿತ್ತು. ಮುಂದಿನ ಸಾಲಿನಲ್ಲಿ ಅಪ್ಪ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು.

ಭಾವ ಕಣ್ಣು ಬಿಟ್ಟರು. ಮೈಕಿನ ಹತ್ತಿರ ಬಾಗಿದರು.

"ನನಗೆ ಗೊತ್ತಿಲ್ಲ" ಎಂದರು. "ನನಗೆ ಲೆಕ್ಕ ಬರಲ್ಲ. ಕಣ್ಣು ಮುಚ್ಚೋದು ಯೋಚ್ನೆ ಮಾಡಕ್ಕಲ್ಲ, ಹೆದರಿಕೆಗೆ. ಇವತ್ತಿನ ಪರದೆ ಮೊದಲು ತಪ್ಪು ಕತ್ತರಿಸಿದವನೂ ನಾನೇ. ನನ್ನ ಹತ್ರ ಬಟ್ಟೆ ಕೊಡಿ, ಅಂಕಿ ಕೊಡ್ಬೇಡಿ. ಕೈ ಮುಗೀತೀನಿ."

ಆಮೇಲೆ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ! "ನೋಡಿ, ನೋಡಿ, ತುಂಬಿದ ಕೊಡ ತುಳುಕಲ್ಲ ಅಂತ ಇದಕ್ಕೇ ಹೇಳೋದು!" ಎಂದು ಮ್ಯಾನೇಜರ್ ಕಣ್ಣೊರೆಸಿಕೊಂಡರು. ಅಧ್ಯಕ್ಷೆ, "ಎಂಥ ವಿನಯ!" ಎಂದರು. ಭಾವ "ಇಲ್ಲ, ನಿಜವಾಗ್ಲೂ" ಎಂದಷ್ಟೂ ಚಪ್ಪಾಳೆ ಜೋರಾಯಿತು. ಕೆಳಗಿನ ಮನೆಯಾಕೆ ಮಗಳನ್ನು ಎತ್ತಿ ತೋರಿಸುತ್ತಿದ್ದರು.

ತಟ್ಟದೆ ಕೂತಿದ್ದವರು ಒಬ್ಬರೇ. ಅಪ್ಪ.

ಹೊರಗೆ ರಸ್ತೆಗೆ ಬಂದಾಗ ಅಪ್ಪ ಎಲ್ಲರಿಗಿಂತ ಮುಂದೆ ನಡೆದರು. ಹಿಂದೆ ಭಾವ ತಲೆ ತಗ್ಗಿಸಿಕೊಂಡು ಬರುತ್ತಿದ್ದರು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ದೀಪದ ಕಂಬದ ಕೆಳಗೆ ಅಪ್ಪ ನಿಂತರು.

"ಅಳಿಯಂದ್ರೇ. ಅಲ್ಲಿ ಹೇಳಿದ್ದು ನಿಜಾನಾ?"

"ನಿಜ ಮಾವ." ಭಾವ ತಲೆಯೆತ್ತಿದರು. "ಅಂಗಡಿಗೆ ಬಂದ ಮೊದಲ ದಿನದಿಂದಲೂ. ನೀವು ಆವತ್ತು ಕೇಳಿದ್ರಲ್ಲ, ಅದರ ಉತ್ತರ ನನಗೆ ಇವತ್ತಿಗೂ ಗೊತ್ತಿಲ್ಲ."

ಅಪ್ಪ ಕಂಬಕ್ಕೆ ಒರಗಿಕೊಂಡರು. ಆಮೇಲೆ ಹೇಳಿದರು:

"ನನಗೂ ಗೊತ್ತಿಲ್ಲ."

"ಅಂದ್ರೆ?" ಎಂದಳು ಅಕ್ಕ.

"ಅಂದ್ರೆ ನನಗೂ ಬರಲ್ಲ ಕಣಮ್ಮ. ಲೆಕ್ಕ ಎಲ್ಲಾ ನಿಮ್ಮಮ್ಮ ಮಾಡ್ತಿದ್ಲು. ಗಿರಾಕಿ ಕೇಳಿದ್ರೆ ಒಳಗೆ ಹೋಗಿ ನೀರು ಕುಡಿದು ಬರ್ತಿದ್ದೆ, ಅಷ್ಟರಲ್ಲಿ ಅವಳು ಹೇಳಿಕೊಡ್ತಿದ್ಲು. ಅವಳಿಗೆ ಕಾಯಿಲೆ ಅಂತ ಗೊತ್ತಾದ ಮೇಲೆ ಹೆದರಿಕೆಯಾಯ್ತು. ಲೆಕ್ಕ ಬರೋ ಅಳಿಯ ಬೇಕು ಅಂತ ಹಟ ಹಿಡಿದದ್ದು ಅದಕ್ಕೇ. ಆವತ್ತು ಪಕ್ಕದಲ್ಲಿದ್ದ ಗಿರಾಕಿ ಹೇಳಿದ್ದು ಸರಿಯೋ ತಪ್ಪೋ, ಯಾರಿಗೆ ಗೊತ್ತು!"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಡುರಸ್ತೆ ಎಂದೂ ನೋಡಲಿಲ್ಲ.

"ಚೆನ್ನಾಗಿದೆ! ಒಬ್ಬರು ಕಣ್ಣು ಮುಚ್ಚೋದು, ಇನ್ನೊಬ್ಬರು ನೀರು ಕುಡಿಯೋದು. ಇಬ್ಬರೂ ಸೇರ್ಕೊಂಡು ಅಂಗಡಿ ಮುಳುಗಿಸ್ತಿದ್ರಿ! ಅಮ್ಮ ನನ್ನ ಪಕ್ಕದಲ್ಲಿ ಕೂತು ಲೆಕ್ಕ ಮಾಡ್ತಿದ್ದದ್ದು, ನಾನು ಕೇಳಿಸಿಕೊಂಡೇ ಬೆಳೆದಿದ್ದು. ಕಿಟಕಿಗಳ ಉತ್ತರ ಮ್ಯಾನೇಜರ್ ಬಾಯಿ ಮುಚ್ಚೋಕೆ ಮುಂಚೆ ನನಗೆ ಬಂದಿತ್ತು!"

ಅಪ್ಪ ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಮತ್ತೆ ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ?"

"ನೀವು ಕೇಳಿದ್ದೆಲ್ಲ ಮನೆಗೆ ಬಂದ ಗಂಡಸರನ್ನ. ನನ್ನನ್ನ ಯಾವತ್ತಾದ್ರೂ ಕೇಳಿದ್ರಾ?"

ಅಪ್ಪ ಜೇಬಿಗೆ ಕೈ ಹಾಕಿ ಅಂಗಡಿಯ ಕೀಲಿ ತೆಗೆದರು. ಭಾವನ ಕಡೆ ಒಂದು ಸಲ ನೋಡಿದರು.

"ಅವಳಿಗೇ ಕೊಡಿ ಮಾವ, ದಯವಿಟ್ಟು" ಎಂದರು ಭಾವ. "ನಾನು ಕತ್ತರಿಸ್ತೀನಿ. ಅಳತೆ ಅವಳು ಹೇಳಲಿ." ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು, ಆದರೆ ಅವರ ಮುಖ ಅಷ್ಟು ಹಗುರವಾದದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಕೀಲಿ ನನ್ನ ಕೈಗೆ ಬಂತು. ನಾನೂ ಅಕ್ಕನೂ ಮುಂದೆ ನಡೆದೆವು. ನಾಳೆ ಬರುವ ಸೋಫಾದವರಿಗೆ ಏನೇನು ಹೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಆದರೆ ಹಿಂದೆ ಬರುತ್ತಿದ್ದವರ ಪಿಸುಮಾತು ಕಿವಿಗೆ ಬಿದ್ದು ಎಲ್ಲ ಮರೆತುಹೋಯಿತು.

"ಮಾವ, ನಿಮಗೆ ಮಗ್ಗಿ ಎಲ್ಲಿ ಕೈಕೊಡುತ್ತೆ? ನನಗೆ ಏಳೆಂಟ್ಲ."

"ಏಳೆಂಟ್ಲ ಬಿಡಿ ಅಳಿಯಂದ್ರೇ, ಅಷ್ಟು ದೂರ ನಾನು ಹೋದವನೇ ಅಲ್ಲ. ನನಗೆ ಆರೇಳ್ಲದಲ್ಲೇ ಬಾಯಾರಿಕೆ ಶುರುವಾಗುತ್ತೆ."

ಇಬ್ಬರೂ ನಕ್ಕರು. ಅಮ್ಮ ಹೋದ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು.